ಹರಿಹರಕ್ಕೆ ಹೋದ ಅಂಗಿಗಳು

ಕಳೆದುಹೋದ ಪಾರ್ಸೆಲ್‌ಗೆ ಪರಿಹಾರ ಕೇಳಿ ಮುಸರತ್ ಕೊಟ್ಟ ಅರ್ಜಿಯನ್ನು ಕೌಂಟರಿನ ಗುಮಾಸ್ತೆ ಲತಾ ಮಡಚಿ ತನ್ನ ಕೈಚೀಲದೊಳಗೆ ಇಟ್ಟುಕೊಂಡಳು. ಮೊಹರು ಒತ್ತಲಿಲ್ಲ. ದೂರಿನ ನಂಬರು ಬರೆದುಕೊಡಲಿಲ್ಲ. ಒಳಕೋಣೆಯ ಗಾಜಿನ ಹಿಂದಿನಿಂದ ಅಂಜನ್ ಕುಮಾರ್ ಅದನ್ನು ನೋಡಿದ. ಮಾಯಕೊಂಡದಿಂದ ವರ್ಗವಾಗಿ ಈ ಅಂಚೆ ಕಚೇರಿಗೆ ಪೋಸ್ಟ್‌ಮಾಸ್ಟರ್ ಆಗಿ ಬಂದು ಅವನಿಗೆ ಎಂಟೇ ದಿನ.

"ಸಿಗ್ತತೇನ್ರಿ ಮೇಡಂ?" ಮುಸರತ್ ಕೌಂಟರ್ ಬಿಟ್ಟು ಕದಲಲಿಲ್ಲ.

"ನೋಡ್ತೀನಿ ಅಮ್ಮಾ. ನೀವು ಹೋಗ್ರಿ."

ಆಕೆ ನಿಟ್ಟುವಳ್ಳಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸು. ಹರಿಹರದಲ್ಲಿರುವ ಮಗಳು ಬುಷ್ರಾಗೆ ಮೂರು ಪಾರ್ಸೆಲ್ ಕಳಿಸಿದ್ದಳು. ಮೊದಲನೆಯದರಲ್ಲಿ ಹಸುಗೂಸಿನ ಅಂಗಿ, ಎರಡನೆಯದರಲ್ಲಿ ಅಂಬೆಗಾಲಿಡುವ ಮಗುವಿನದು, ಮೂರನೆಯದರಲ್ಲಿ ನಡೆಯುವ ಮಗುವಿನದು. ಮೊಮ್ಮಗಳು ಹುಟ್ಟಿದ ಸುದ್ದಿ ಯಾರಿಂದಲೋ ಕಿವಿಗೆ ಬಿದ್ದಿತ್ತು, ಮುಖ ಕಂಡಿರಲಿಲ್ಲ. ಅಳತೆಗೆ ಓಣಿಯ ಮಕ್ಕಳನ್ನೇ ಹಿಡಿದು ನಿಲ್ಲಿಸುತ್ತಿದ್ದಳು.

ಅಂಜನ್ ಆಕೆಯನ್ನು ಬಾಗಿಲಲ್ಲಿ ತಡೆದು ವಿಷಯ ಕೇಳಿಕೊಂಡ. "ಹರಿಹರ ಏನು ದೂರ ರೀ? ಬಸ್ ಹತ್ತಿದ್ರೆ ಅರ್ಧ ತಾಸು. ನೀವೇ ಹೋಗಿ ಕೊಡಬಹುದಲ್ಲ?"

"ಕರೀದೆ ಹೆಂಗೆ ಹೋಗ್ಲಿ ಸಾಹೇಬ್ರೆ? ಮೆಚ್ಚಿದ ಹುಡುಗನ್ನ ಮದುವೆ ಆದ್ಲು ಅಂತ ಅವರಪ್ಪ ಹೊಸ್ತಿಲು ತುಳೀಬ್ಯಾಡ ಅಂದ್ರು. ನಾನು ಪಕ್ಕದಾಗೇ ನಿಂತಿದ್ದೆ. ಬಾಯಿ ಬಿಡಲಿಲ್ಲ." ಮುಸರತ್ ಸೆರಗನ್ನು ತಲೆಯ ಮೇಲೆಳೆದುಕೊಂಡಳು. "ಈಗ ಅವರೂ ತೀರಿಹೋದ್ರು. ಅಂಗಿ ಮುಟ್ಟಿದ್ರೆ ಅವಳೇ ಕರೀತಾಳೆ. ಮುಟ್ಟಬೇಕಲ್ರಿ."

"ಹಿಂದಿನ ಎರಡಕ್ಕೆ ಪರಿಹಾರ ಬಂತಾ?"

"ಬಂತ್ರಿ. ಮೇಡಂ ಕೈಯಾಗೇ ಕೊಟ್ರು. ಅದರಾಗೇ ಮತ್ತೆ ಬಟ್ಟೆ ತಂದೆ."

ರಸೀದಿ? ಇಲ್ಲ. ಸಹಿ? ಯಾರೂ ಕೇಳಿರಲಿಲ್ಲ.

ಅಂಜನ್ ಒಳಗೆ ಹೋಗಿ ಕಡತ ತೆಗೆದ. ಮುಸರತ್ ಹೆಸರಿನಲ್ಲಿ ಒಂದೇ ಒಂದು ದೂರಿರಲಿಲ್ಲ. ಪರಿಹಾರವೂ ಮಂಜೂರಾಗಿರಲಿಲ್ಲ. ಅಂದರೆ ಲತಾ ತನ್ನ ಜೇಬಿನಿಂದ ಕೊಟ್ಟಿದ್ದಾಳೆ. ತಪ್ಪು ಮಾಡದವರು ಯಾಕೆ ಕೈಯಿಂದ ದುಡ್ಡು ಕೊಡುತ್ತಾರೆ?

ಪೋಸ್ಟ್‌ಮ್ಯಾನ್ ತಿಮ್ಮೇಶನನ್ನು ಕರೆಸಿದ. "ಆ ಹರಿಹರದ ಪಾರ್ಸೆಲ್‌ಗಳು ಏನಾದವು?"

ತಿಮ್ಮೇಶ ನೆಲ ನೋಡಿದ. "ಮೇಡಂನ ಕೇಳ್ರಿ ಸರ್. ನಂಗೇನೂ ಗೊತ್ತಿಲ್ಲ."

ಅವನಿಗೆ ಗೊತ್ತಿತ್ತು. ಇಬ್ಬರೂ ಕೂಡಿ ಮಾಡಿದ ಕೆಲಸ ಎಂದು ಅಂಜನ್ ತೀರ್ಮಾನಿಸಿದ.

ಮರುವಾರ ಮುಸರತ್ ಮತ್ತೆ ಬಂದಳು. ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿ ಹೊಲಿದ ನಾಲ್ಕನೆಯ ಪಾರ್ಸೆಲ್. ಲತಾ ಅದನ್ನು ತೂಕಕ್ಕಿಡಲಿಲ್ಲ.

"ಇನ್ನ ಕಳಿಸಬ್ಯಾಡ್ರಿ ಅಮ್ಮಾ."

"ಯಾಕ್ರಿ? ಎಷ್ಟು ಅಂತ ಕಳೀತಾವು? ಒಂದಾದ್ರೂ ಮುಟ್ಟತೈತೆ." ಮುಸರತ್ ನಕ್ಕಳು. "ಕಳೆದಿದ್ದಕ್ಕೆ ನಂಗೆ ಸಿಟ್ಟಿಲ್ಲ ಬಿಡ್ರಿ. ಪಾಪ, ಅವಳಿಗೆ ನಾನು ಕಳಿಸಿದ್ದೇ ಗೊತ್ತಿಲ್ಲ."

ಲತಾ ಮುಖ ತಗ್ಗಿಸಿ ಪಾರ್ಸೆಲ್ ತೆಗೆದುಕೊಂಡಳು. ಆ ತಗ್ಗಿದ ಮುಖ ಅಂಜನ್‌ಗೆ ಸಾಕಾಯಿತು. ಮುಸರತ್ ರಸ್ತೆ ದಾಟುವವರೆಗೆ ಕಾದು ಕೈಚಾಚಿದ.

"ನಿಮ್ಮ ಬೀರುವಿನ ಕೀಲಿ ಕೊಡ್ರಿ. ನಾಳೆ ಮೇಲಿನವರಿಗೆ ಬರೀತೀನಿ. ಕೆಲಸ ಹೋಗ್ತತೆ ನಿಮ್ದು."

"ಗೊತ್ತು ಸರ್," ಎಂದು ಲತಾ ಕೀಲಿ ಕೊಟ್ಟಳು. "ಆದ್ರೆ ಆಯಮ್ಮಗೆ ಮಾತ್ರ ಹೇಳಬ್ಯಾಡ್ರಿ. ಕೈ ಮುಗೀತೀನಿ."

ಬೀರುವಿನ ಕೆಳಗಿನ ಖಾನೆಯಲ್ಲಿ ಮೂರು ಪಾರ್ಸೆಲ್‌ಗಳಿದ್ದವು. ಅಂಜನ್ ಒಂದೊಂದಾಗಿ ಹೊರಗೆ ತೆಗೆದ. ಕದ್ದ ಮಾಲಾಗಿದ್ದರೆ ಬಿಚ್ಚಿರಬೇಕಿತ್ತು. ಒಂದರ ಹೊಲಿಗೆಯೂ ಬಿಟ್ಟಿರಲಿಲ್ಲ. ಅವನು ಅವುಗಳನ್ನು ಮಗುಚಿ ನೋಡಿದ.

ಮೂರರ ಮೇಲೂ ಒಂದೇ ಕೈಬರಹದಲ್ಲಿ ಒಂದೇ ಸಾಲಿತ್ತು: 'ನನಗೆ ಬೇಡ, ಕಳಿಸಿದವರಿಗೇ ವಾಪಸ್ ಕೊಡಿ — ಬುಷ್ರಾ.'