ಸರಿಯಿದ್ದ ಕೈ

ನಾಲ್ಕು ವರ್ಷದ ಶ್ರಾವ್ಯಳ ತೋಳಿನ ಮೂಳೆ ಸುರುಳಿಯಾಗಿ ಸೀಳಿತ್ತು. ಬರೀ ಬಿದ್ದು ಹೀಗಾಗುವುದು ಅಪರೂಪ, ಯಾರೋ ಹಿಡಿದು ತಿರುಚಿದ್ದಾರೆ ಎಂದು ಎಕ್ಸ್-ರೇ ನೋಡಿದ ಕೂಡಲೇ ಡಾಕ್ಟರ್ ವಾರಿಜಾಗೆ ಅನ್ನಿಸಿತು. ಆಪರೇಷನ್ ಮಾಡಿ, ಮೂಳೆಯೊಳಗೆ ಸಣ್ಣ ಕಂಬಿ ಕೂರಿಸಿ ಹೊರಗೆ ಬಂದರು. ಮಗುವಿನ ಅಪ್ಪ ತಲೆ ತಗ್ಗಿಸಿ ಕೂತಿದ್ದ.

"ಏನಾಯ್ತು ನಿಜ ಹೇಳಿ."

"ಮೆಟ್ಟಿಲಿಂದ ಬಿದ್ದಳು ಮೇಡಂ." ಅವನು ಕಣ್ಣು ಮೇಲೆತ್ತಲಿಲ್ಲ.

ಪಕ್ಕದಲ್ಲಿದ್ದ ಅವನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ಮಗನಿಗೆ ಮುಂಗೋಪ ಕಣಮ್ಮ. ತಾಯಿ ಇಲ್ಲದ ಕೂಸು ಅಂತಲೂ ನೋಡಲ್ಲ."

ಅವನು ತಾಯಿಯ ಮುಖವನ್ನೇ ದಿಟ್ಟಿಸಿದ. ಮತ್ತೆ ತಲೆ ತಗ್ಗಿಸಿದ.

ವಾರಿಜಾ ಪೊಲೀಸರನ್ನು ಕರೆಸಿದರು. ಜೀಪು ಅವನನ್ನು ಕೂರಿಸಿಕೊಂಡು ಹೋದ ಮೇಲೆ ವಾರ್ಡಿಗೆ ಬಂದು ಮಗುವಿನ ತಲೆ ನೇವರಿಸಿದರು. ಎಷ್ಟೋ ದಿನಗಳ ಮೇಲೆ ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನ ಅವರಿಗೆ.

"ಇನ್ನು ಯಾರೂ ಹೊಡೆಯಲ್ಲ ಪುಟ್ಟಿ. ನೀನು ಅಜ್ಜಿ ಹತ್ರಾನೇ ಇರ್ತೀಯ."

ಅಜ್ಜಿ ನಗುತ್ತಾ ಮಂಚದ ಹತ್ತಿರ ಬಂದಳು. ಶ್ರಾವ್ಯ ಸರಿಯಿದ್ದ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ಇನ್ನು ಹಾಸಿಗೆ ಒದ್ದೆ ಮಾಡಲ್ಲ ಅಜ್ಜಿ, ಈ ಕೈ ತಿರುಚಬೇಡ" ಎಂದಳು.