ರಾಣಿಯ ಪಥ್ಯ

ನಂಜೇಗೌಡರಿಗೆ ಕಿಡ್ನಿ ತೊಂದರೆ. ಆದರೂ ಸಾರಿನಲ್ಲಿ ಉಪ್ಪು ಕಡಿಮೆಯಾದರೆ ತಟ್ಟೆ ತಳ್ಳಿ ಏಳುತ್ತಿದ್ದರು. ಹೆಂಡತಿ ಚಿಕ್ಕತಾಯಮ್ಮ ಬೇಡಿಕೊಂಡು ಸೋತಿದ್ದರು. ಒಂದು ದಿನ ಆಕೆ ಮನೆಯ ನಾಯಿ ರಾಣಿಯನ್ನು ಪಶುವೈದ್ಯರ ಬಳಿಗೆ ಕರೆದುಕೊಂಡು ಹೋಗಿ ಬಂದರು.

"ರಾಣಿಗೂ ನಿಮ್ಮ ಕಾಯ್ಲೇನೇ ಅಂತೆ. ಇನ್ಮೇಲೆ ಉಪ್ಪು ಹಾಕಂಗಿಲ್ಲ. ಎದುರಿಗೆ ಕೂತು ನೀವೂ ಅದನ್ನೇ ಉಂಡ್ರೆ ಅದೂ ತಿಂತದೆ."

ರಾಣಿಗಾಗಿ ಗೌಡರು ಒಪ್ಪಿದರು. ಅನ್ನ, ಬೇಯಿಸಿದ ಸೋರೆಕಾಯಿ, ಮೊಟ್ಟೆಯ ಬಿಳಿಭಾಗ. ಇಬ್ಬರಿಗೂ ಒಂದೇ ಪಾತ್ರೆಯಿಂದ.

ಬೇಸಿಗೆಯಲ್ಲಿ ಚಿಕ್ಕತಾಯಮ್ಮ ಹೃದಯಾಘಾತವಾಗಿ ತೀರಿಕೊಂಡರು. ಗೌಡರು ಅಳಲಿಲ್ಲ. ತಿಥಿ ಮುಗಿದ ಮೇಲೆ ತಾವೇ ಸೋರೆಕಾಯಿ ಹೆಚ್ಚಿ ಬೇಯಿಸಿ, ರಾಣಿಯ ಎದುರು ಕೂತು ಉಂಡರು. ಯಾವುದರ ರುಚಿಯೂ ತಿಳಿಯುತ್ತಿರಲಿಲ್ಲ.

ರಾಣಿ ಸೊರಗಿದಂತೆ ಕಂಡಾಗ ಅದೇ ವೈದ್ಯರ ಬಳಿ ಹೋದರು. ವೈದ್ಯರು ರಕ್ತ ಪರೀಕ್ಷೆ ಮಾಡಿದರು.

"ಕಿಡ್ನಿ ಹೆಂಗದೆ ಡಾಕ್ಟ್ರೇ? ಪಥ್ಯ ಒಂದಿನಾನೂ ತಪ್ಪಿಸಿಲ್ಲ. ಜೊತೆಗೆ ಟಾನಿಕ್ ಏನಾದ್ರೂ ಬೇಕಾ?"

"ಪಥ್ಯ ಯಾಕೆ ಗೌಡ್ರೇ? ಇದರ ಕಿಡ್ನಿಗೆ ಯಾವತ್ತೂ ಏನೂ ಆಗಿಲ್ಲ. ಆವತ್ತು ಅಮ್ಮಾವ್ರು ಕರ್ಕೊಂಡು ಬಂದಿದ್ದು ಬರೀ ಚುಚ್ಚುಮದ್ದು ಹಾಕ್ಸೋಕೆ."