ತಿಪ್ಪೆಯ ಎತ್ತರ

ಮಗಳಿಗೆ ಗಂಡು ನೋಡಲು ಹೋದ ಕಡೆಯೆಲ್ಲ ಸಣ್ಣೀರಪ್ಪ ಮೊದಲು ಹಿತ್ತಲಿಗೆ ಹೋಗಿ ತಿಪ್ಪೆ ನೋಡುತ್ತಿದ್ದ. ತಿಪ್ಪೆ ದೊಡ್ಡದಿದ್ದರೆ ದನವಿದೆ, ಹೊಲವಿದೆ, ವರ್ಷವಿಡೀ ಊಟವಿದೆ ಎಂದು ಅವನ ನಂಬಿಕೆ. ಅವನ ಅಪ್ಪನೂ ಹಾಗೆ ನೋಡಿಯೇ ಮೂರು ಹೆಣ್ಣುಮಕ್ಕಳನ್ನು ಕೊಟ್ಟಿದ್ದ. ಮೂವರೂ ಉಂಡುಟ್ಟು ಚೆನ್ನಾಗಿದ್ದರು.

ಹೋದ ವಾರ ನೋಡಿದ ಹುಡುಗ ಮೇಷ್ಟ್ರು. ಮನೆಗೆ ಗ್ರಾನೈಟು ಹಾಸಿತ್ತು, ಅಡುಗೆಮನೆಯೊಳಗೇ ನಲ್ಲಿಯಿತ್ತು. ಹಿತ್ತಲಲ್ಲಿ ಮಾತ್ರ ಒಂದು ಪುಟ್ಟಿ ಸಗಣಿಯೂ ಇರಲಿಲ್ಲ.

"ಬ್ಯಾಡ ಕಣೇ," ಎಂದಿದ್ದ ಹೆಂಡತಿಗೆ. "ತಿಪ್ಪೆ ಇಲ್ಲದ ಮನ್ಯಾಗೆ ಮಗಳು ಏನು ಬಾಳ್ತಾಳೆ?"

"ಅವಳನ್ನ ಬಾಳಿಸೋದು ಗಂಡನೋ, ತಿಪ್ಪೆಯೋ?" ಎಂದು ಅವಳು ಗೊಣಗಿದ್ದಳು.

ಇವತ್ತಿನ ಮನೆಯಲ್ಲಿ ಆರು ಎಮ್ಮೆ ಕಟ್ಟಿದ್ದರು. ತಿಪ್ಪೆ ಸೂರಿಗೆ ಸಮನಾಗಿ ನಿಂತಿತ್ತು. ಸಣ್ಣೀರಪ್ಪ ಅದಕ್ಕೆ ಒಂದು ಸುತ್ತು ಹಾಕಿ ಬಂದವನೇ, ಹೆಂಡತಿಯ ಮುಖವನ್ನೂ ನೋಡದೆ, ಎಲೆಯಡಿಕೆ ಬದಲಾಯಿಸಿ ಮಗಳನ್ನು ಕೊಡುವ ಮಾತು ಕೊಟ್ಟ.

ಹೊರಡುವಾಗ ಸಂತೋಷಕ್ಕೆ ಕೇಳಿದ: "ಈ ಸಲ ಹೊಲಕ್ಕೆ ಎಷ್ಟು ಗಾಡಿ ಗೊಬ್ಬರ ಹೊಡಿಸ್ತೀರಿ, ಬೀಗರೇ?"

"ಹೊಲ ಎಲ್ಲೈತೆ ಬೀಗರೇ?" ಎಂದರು ಗಂಡಿನ ತಂದೆ. "ಮಾರಿ ಮೂರು ವರ್ಸ ಆತು. ಇಲ್ದಿದ್ರೆ ತಿಪ್ಪೆ ಇಷ್ಟೆತ್ತರ ಬೆಳೀತಿತ್ತಾ?"